ಹಡಗಿನ ತವರುಮನೆ

"ವಾಸನೆಗೆ ಹತ್ತಕ್ಕೆ ಮೂರು."

ಹಡಗಿನ ಕಂಪನಿಯ ಹೆಂಗಸು ಮೂಗಿಗೆ ಕರವಸ್ತ್ರ ಒತ್ತಿಕೊಂಡು ತನ್ನ ಭಾಷೆಯಲ್ಲಿ ಅಂದಳು. ಪಕ್ಕದಲ್ಲಿದ್ದ ಬಂದರಿನ ಅಧಿಕಾರಿ ಅದನ್ನು ಎಲ್ಲರಿಗೂ ಅರ್ಥವಾಗುವ ಹಾಗೆ, ತಾನೇ ಬಹುಮಾನ ಹಂಚುವವನ ದನಿಯಲ್ಲಿ ಕೂಗಿ ಹೇಳಿದ. ಹೆಂಗಸು ಪುಸ್ತಕದಲ್ಲಿ ಮೂರು ಬರೆದು ಕೆಳಗೊಂದು ಗೆರೆ ಎಳೆದಳು.

ಸೋಪಕ್ಕ ಮೊಣಕೈವರೆಗೆ ನೊರೆ ಮೆತ್ತಿಕೊಂಡು ಬಕೆಟ್ಟಿನ ಮುಂದೆ ಕೂತಿದ್ದಳು. ಬಂದರಿನ ಅಡುಗೆಯವರು, ಕ್ರೇನಿನವರು, ಕಸ ಗುಡಿಸುವವರು, ಎಲ್ಲರ ಬೆವರೂ ಅವಳ ಬಕೆಟ್ಟಿನಲ್ಲೇ ಬಿಡಬೇಕು. ಇಡೀ ಬಂದರಿನಲ್ಲಿ ಮೂರು ಹೊತ್ತೂ ಸೋಪು ನಾರುವ ಜೀವ ಅಂದರೆ ಅದೊಂದೇ. ಆ ಹೆಸರು ಬಂದದ್ದೂ ಅದರಿಂದಲೇ. ಈಗ ಅವಳಿಗೇ ಮೂರು.

"ಮೂರು ಅಂದ್ರೆ ಏನು ಹೇಳಿದ್ಲು ಆಯಮ್ಮ?" ಹೊಸ್ತಿಲ ಬಳಿ ಮಂಚದ ಮೇಲೆ ಕೂತಿದ್ದ ಅತ್ತೆ ಕೇಳಿದಳು. ಮುದುಕಿಗೆ ಕಣ್ಣು ಮಂಜು, ಕಿವಿ ಮಾತ್ರ ಇಲಿಯ ಕಿವಿ.

"ನಾವು ನಾರ್ತೀವಂತೆ ಅತ್ತೆ."

"ಮೂಗು ಅವಳ್ದು, ಮಾರ್ಕು ನಮಗಾ? ಆ ಬೋಳಿ ಮೂಗಿಗೆಷ್ಟು ಅಂತ ಕೇಳು."

ಅವತ್ತಿನಿಂದ ಆ ಹೆಂಗಸಿಗೆ ಮಾರ್ಕಮ್ಮ ಎಂಬ ಹೆಸರೇ ಖಾಯಂ ಆಯಿತು. ಅಧಿಕಾರಿಗೆ ಹೆಸರು ಮೊದಲೇ ಇತ್ತು, ಸುಣ್ಣದ ಸಾಹೇಬ. ದೊಡ್ಡವರು ಬರುತ್ತಾರೆ ಎಂದು ಗೊತ್ತಾದರೆ ಸಾಕು, ಎದುರಿಗೆ ಸಿಕ್ಕಿದ್ದಕ್ಕೆಲ್ಲ ಸುಣ್ಣ ಬಳಿಸುತ್ತಿದ್ದ. ಒಮ್ಮೆ ಮಲಗಿದ್ದ ನಾಯಿಗೂ ಬಳಿದಿದ್ದರು.

ಹಗ್ಗದ ಸಾಲು ಅಂದರೆ ದಡಕ್ಕೆ ಅಂಟಿಕೊಂಡ ಇಪ್ಪತ್ತೆರಡು ಮನೆ, ಮನೆಗೊಂದೇ ಕೋಣೆ, ಕೋಣೆಗೊಂದೇ ಕಿಟಕಿ, ಅದೂ ಸಮುದ್ರದ ಕಡೆಗೆ. ಹಡಗು ಕಟ್ಟುವ ಹಗ್ಗದಾಳುಗಳಿಗೆ ಅಂತ ಯಾವ ಕಾಲದಲ್ಲೋ ಕಟ್ಟಿದ್ದು. ಈಗ ಉಳಿದಿರುವ ಎಂಟು ಆಳುಗಳಿಗೆ ಸೋಪಕ್ಕನ ಗಂಡ ಮುಖಂಡ. ಹಡಗಿನಿಂದ ಮೊದಲು ಸಣ್ಣ ಹಗ್ಗ ಎಸೆಯುತ್ತಾರೆ, ತುದಿಗೆ ಮುಷ್ಟಿಯಷ್ಟು ದೊಡ್ಡ ಗಂಟು. ಅದನ್ನು ಹಿಡಿದು ಎಳೆದರೆ ಹಿಂದೆಯೇ ತೊಡೆಗಾತ್ರದ ಹಗ್ಗ ಬರುತ್ತದೆ. ಅದರ ಕುಣಿಕೆಯನ್ನು ದಡದ ಕಬ್ಬಿಣದ ಗೂಟಕ್ಕೆ ಹಾಕಿದರೆ ಹಡಗು ನಿಂತಿತು, ಇಲ್ಲದಿದ್ದರೆ ಇಲ್ಲ. ಹೀಗೆ ಹಾಕುವಾಗ ಒಂದು ಹಡಗು ಅವನ ಎರಡು ಬೆರಳನ್ನು ತನ್ನ ಜೊತೆ ತೆಗೆದುಕೊಂಡು ಹೋಗಿತ್ತು. ಸಾಲಿನವರಿಗೆ ಅವನು ಮೂರ್ಬೆರಳ.

ಮಾರನೇ ದಿನ ಸುಣ್ಣದ ಸಾಹೇಬ ಗೋದಾಮಿನಲ್ಲಿ ಎಲ್ಲರನ್ನೂ ಸೇರಿಸಿದ. ಅವನಿಗೆ ಕುರ್ಚಿ, ಉಳಿದವರಿಗೆ ನೆಲ.

"ಕಂಪನಿ ಈ ಹಡಗಿಗೆ ಒಂದು ಹೋಂ ಪೋರ್ಟ್ ಹುಡುಕ್ತಾ ಇದೆ. ಹೋಂ ಪೋರ್ಟ್ ಅಂದ್ರೆ ಹಡಗಿನ ಮನೆ. ಇಲ್ಲಿಂದ ಹೊರಟು, ಏಳು ದಿನ ದ್ವೀಪ ಎಲ್ಲ ಸುತ್ತಿ, ಇಲ್ಲಿಗೇ ವಾಪಸ್. ಎರಡು ಸಾವಿರ ಜನ ಹತ್ತೋದೂ ಇಲ್ಲೇ, ಇಳಿಯೋದೂ ಇಲ್ಲೇ."

"ಅಂದ್ರೆ ತವರುಮನೆ ಅನ್ನಿ," ಅಂದಳು ಅತ್ತೆ. ಅವಳನ್ನು ಮಂಚದ ಸಮೇತ ಹೊತ್ತು ತಂದಿದ್ದರು.

"ಹಾಂ. ಹಾಗೇ ಅಂದ್ಕೊಳ್ಳಿ ಅಜ್ಜಿ. ಆದ್ರೆ ಆಚೆ ಬಂದರಿನೋರೂ ನಮಗೇ ಬೇಕು ಅಂತ ಕೂತಿದಾರೆ. ಒಂದು ವರ್ಷ ಇಲ್ಲಿಂದ ಓಡಿಸಿ ನೋಡ್ತಾರೆ, ಅದಕ್ಕೇ ಮಾರ್ಕು. ನೀರಿನ ಆಳಕ್ಕೆ ನಮಗೆ ಒಂಬತ್ತು. ಹತ್ರದಲ್ಲಿ ದುಡ್ಡಿರೋ ಜನ ಎಷ್ಟಿದಾರೆ ಅನ್ನೋದಕ್ಕೆ ಆರು. ವಿಮಾನ ನಿಲ್ದಾಣ ದೂರ, ಅದಕ್ಕೆ ನಾಲ್ಕು. ನೋಟಕ್ಕೆ ಎರಡು, ವಾಸನೆಗೆ ಮೂರು." ಅವನು ಕಾಗದ ಮಡಚಿದ. "ಏಳನೇ ಅಂತಸ್ತಿನ ಬಾಲ್ಕನೀಲಿ ನಿಂತೋರಿಗೆ ಮೊದಲು ಕಾಣೋದು ಏನು ಗೊತ್ತಾ? ನಿಮ್ಮ ಚಡ್ಡಿ. ಹಗ್ಗದ ತುಂಬ ನಿಮ್ಮ ಹರಕು ಚಡ್ಡಿ! ಈಗ ನೋಡಿ, ವಿಮಾನ ನಿಲ್ದಾಣನ ಸರಿಸೋಕಾಗಲ್ಲ. ನಿಮ್ಮನ್ನ ಸರಿಸಬಹುದು."

ನೆಲದ ಮೇಲೆ ಕೂತಿದ್ದವರಲ್ಲಿ ನಾಲ್ಕಾರು ಜನ ಎದ್ದು ನಿಂತರು.

"ಸರಿಸಲ್ಲ ಸರಿಸಲ್ಲ, ಹೆದರಬೇಡಿ. ಹಡಗು ಉಳಿದ್ರೆ ಸಾಲು ಉಳಿಯುತ್ತೆ, ಹೊಸ ಸೂರೂ ಹಾಕಿಸಿಕೊಡ್ತೀನಿ. ಹಡಗು ಹೋದ್ರೆ ಸಾಲೂ ಹೋಗುತ್ತೆ. ಗೋಡೆಗೆ ಬಣ್ಣ ಬಳಿಸ್ತೀನಿ, ಹಡಗಿನ ದಿನ ಬಟ್ಟೆ ಒಳಗಿಡಿ. ನಾನು ಹೇಳಿದ ಹಾಗೆ ಕೇಳಿ ಅಷ್ಟೆ."

"ಸಾಲು ಉಳಿಯುತ್ತೆ ಅಂತ ಒಂದು ಕಾಗದ ಬರ್ಕೊಡಿ ಸಾಹೇಬ್ರೆ," ಎಂದಳು ಸೋಪಕ್ಕ.

"ನನ್ನ ಮಾತೇ ಕಾಗದ ಕಣಮ್ಮ."

"ತವರಿಗೆ ಬರೋ ಮಗಳು ಗೋಡೆ ಬಳೀರಿ, ಬಟ್ಟೆ ಬಚ್ಚಿಡಿ ಅಂತಾಳೇನು?" ಅತ್ತೆ ಬಿಡಲಿಲ್ಲ. "ಇದು ಮಗಳಲ್ಲ ಸಾಹೇಬ್ರೆ, ಸೊಸೆ. ಅದೂ ಇನ್ನೊಂದು ಮನೆ ನೋಡ್ಕೊಂಡೇ ಬಂದಿರೋ ಸೊಸೆ."

ಎಲ್ಲರೂ ನಕ್ಕರು, ಸಾಹೇಬನೂ ನಕ್ಕ. ನಕ್ಕವನು ಎದ್ದು ಹೋಗುವಾಗ, "ಹಡಗು ಬರೋ ದಿನ ಈ ಮುದುಕೀನ ಹಿಂದುಗಡೆಗೆ ಸಾಗಿಸಿ," ಎಂದ.

ಬಣ್ಣದವರು ಬಂದರು. ಇಪ್ಪತ್ತೆರಡು ಮನೆಗೂ ಸಮುದ್ರದ ಕಡೆಯ ಗೋಡೆಗೆ ಮಾತ್ರ ತಿಳಿನೀಲಿ ಬಳಿದರು. ಉಳಿದ ಮೂರು ಗೋಡೆ ಇದ್ದ ಹಾಗೇ, ಹಡಗಿಗೆ ಅವು ಕಾಣುವುದಿಲ್ಲವಲ್ಲ. ಆಮೇಲೆ ಕಿಟಕಿಗಳ ಸರದಿ. ಕಿಟಕಿಯಿಂದ ಮಸಿ ಪಾತ್ರೆ ಕಾಣುತ್ತದೆ, ಮನುಷ್ಯರು ಕಾಣುತ್ತಾರೆ ಎಂದು ಅಷ್ಟಕ್ಕೂ ಹೊರಗಿನಿಂದ ಹಲಗೆ ಹೊಡೆದರು. ಹಲಗೆಯ ಮೇಲೆ ಕಿಟಕಿ ಬರೆದರು. ಬರೆದವನು ಒಳ್ಳೇ ಕೈಯವನೇ, ಹೆಸರಿಡುವ ಹಾಗಿಲ್ಲ: ಬಿಳಿ ಪರದೆ, ಹೂವಿನ ಕುಂಡ, ಸೋಪಕ್ಕನ ಕಿಟಕಿಯಲ್ಲಂತೂ ಕೂತು ನಿದ್ದೆ ಮಾಡುವ ಒಂದು ಬೆಕ್ಕು. ಹೊರಗೆ ಬೆಕ್ಕಿಗೆ ಗಾಳಿ ಬೆಳಕು, ಒಳಗೆ ಮನುಷ್ಯರಿಗೆ ಮಟಮಟ ಮಧ್ಯಾಹ್ನವೂ ದೀಪ.

ಹಡಗಿನ ದಿನ ಹೊರಗೆ ಬಟ್ಟೆ ಹಾಕುವಂತಿಲ್ಲ. ಸೋಪಕ್ಕ ಕೋಣೆಯೊಳಗೇ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದಳು. ಒದ್ದೆ ಬಟ್ಟೆ ಒಣಗುವುದಿರಲಿ, ಮುಗ್ಗಲು ಹಿಡಿಯಿತು. ಉಂಡರೆ ತಟ್ಟೆಗೆ ಯಾರದೋ ಪ್ಯಾಂಟಿನ ಹನಿ, ಮಲಗಿದರೆ ಮುಖಕ್ಕೆ ಯಾರದೋ ಅಂಗಿಯ ತೋಳು. ಅತ್ತೆಗೆ ಕೆಮ್ಮು ಹತ್ತಿತು. ಇಷ್ಟು ವರ್ಷ ನಾರದಿದ್ದ ಮನೆ ಮಾರ್ಕಿಗೋಸ್ಕರ ನಿಜವಾಗಿಯೂ ನಾರತೊಡಗಿತು. ಸೋಪಕ್ಕನಿಗೆ ಅದಕ್ಕೇ ಹೆಚ್ಚು ಹೊಟ್ಟೆ ಉರಿದದ್ದು. ಬಡತನ ಅವಳು ಕಂಡದ್ದೇ, ಕೊಳಕು ಮಾತ್ರ ಅವಳಿಗೆ ಹೊಸದು.

ಕೊನೆಯದು ಕೈ ಬೀಸುವ ಪಾಠ. ಹಡಗು ಹೊರಡುವಾಗ ಸಾಲಿನವರೆಲ್ಲ ಒಗೆದ ಬಟ್ಟೆ ಉಟ್ಟು ದಡದಲ್ಲಿ ನಿಂತು ಟಾಟಾ ಮಾಡಬೇಕು. ಸುಣ್ಣದ ಸಾಹೇಬ ಮುಂದೆ ನಿಂತು ತಾನೇ ತೋರಿಸಿಕೊಟ್ಟ. ಹಿಂದುಗಡೆಗೆ ಸಾಗಿಸಿ ಅಂದಿದ್ದರೂ ಮುದುಕಿ ಮಂಚದಲ್ಲೇ ಕೈ ಎತ್ತಿದಳು.

"ಅಯ್ಯೋ ಅಜ್ಜಿ, ನೊಣ ಓಡಿಸಿದ ಹಾಗೆ ಅಲ್ಲ! ಪ್ರೀತಿಯಿಂದ. ಬೆರಳು ಬಿಡಿಸಿ, ನಿಧಾನಕ್ಕೆ. ಏಯ್ ಮೂರ್ಬೆರಳ, ನೀನು ಇನ್ನೊಂದು ಕೈ ಬೀಸು. ಅದು ಬೇಡ, ಅದನ್ನ ಜೇಬಲ್ಲಿಟ್ಕೋ."

ಮೂರ್ಬೆರಳ ಕೈಯನ್ನು ಜೇಬಿಗಿಟ್ಟ. ಹಡಗು ತಿಂದ ಬೆರಳನ್ನು ಹಡಗಿಗೇ ತೋರಿಸಬಾರದಂತೆ. ಸೋಪಕ್ಕ ಗಂಡನ ಮುಖ ನೋಡದೆ ಕೈ ಬೀಸಿದಳು.

ಒಂದು ವರ್ಷ ಹೀಗೇ ಬೀಸಿದರು. ಮಾರ್ಕಮ್ಮ ಮತ್ತೆ ಬಂದು ಮೂಗಿನಿಂದ ಕರವಸ್ತ್ರ ತೆಗೆದು, ಗಾಳಿ ಎಳೆದುಕೊಂಡು, ವಾಸನೆಗೆ ಎಂಟು ಕೊಟ್ಟಳು. ಸಾಲಿನಲ್ಲಿ ಅವತ್ತು ಪರೀಕ್ಷೆ ಪಾಸಾದ ಸಂಭ್ರಮ. ಇನ್ನೇನು ಸೂರು ಬಂತು ಎಂದು ಇಬ್ಬರು ಹಳೇ ಸೂರನ್ನು ಇಳಿಸಿಯೂ ಬಿಟ್ಟರು.

ಮರುವಾರವೇ ಹಡಗು ಆಚೆ ಬಂದರಿಗೆ ಹೋಯಿತು.

"ವಾಸನೇಲಿ ಪಾಸಾಗಿದೀರಿ, ನಿಮ್ಮ ತಪ್ಪೇನಿಲ್ಲ," ಎಂದ ಸುಣ್ಣದ ಸಾಹೇಬ. ಅವನ ಮುಖಕ್ಕೇ ಯಾರೋ ಸುಣ್ಣ ಬಳಿದ ಹಾಗಿತ್ತು. "ಆಚೆಯೋರು ಎರಡು ವರ್ಷ ಬಾಡಿಗೇನೇ ಬೇಡ ಅಂದ್ರು. ಮತ್ತೆ ಇಲ್ಲಿ ವಿಮಾನ ನಿಲ್ದಾಣ ದೂರ ಆಯ್ತಂತೆ."

"ಅದು ಮೊದಲು ಹತ್ರ ಇತ್ತಾ?" ಸೋಪಕ್ಕ ಕೇಳಿದಳು. "ಎದ್ದು ನಡ್ಕೊಂಡು ಹೋಯ್ತಾ?"

"ಅದೆಲ್ಲ ನಿಂಗರ್ಥ ಆಗಲ್ಲ. ಈಗ ಕೇಳಿ. ಹಡಗನ್ನ ವಾಪಸ್ ಕರೀಬೇಕು ಅಂದ್ರೆ ದೊಡ್ಡ ಹಾಲ್ ಕಟ್ಟಬೇಕು, ಬಸ್ಸು ನಿಲ್ಲೋಕೆ ಜಾಗ ಬೇಕು. ಈ ಸಾಲು ತೆರವು ಮಾಡ್ತಿದೀವಿ. ತಿಂಗಳ ಕೊನೆ ಒಳಗೆ ಖಾಲಿ ಮಾಡಿ. ಹಡಗೇ ಇಲ್ಲ ಅಂದ್ಮೇಲೆ ಹಗ್ಗದ ಆಳೂ ಬೇಕಾಗಿಲ್ಲ."

"ಹಡಗು ಉಳಿದ್ರೆ ಸಾಲು ಉಳಿಯುತ್ತೆ ಅಂದ್ರಿ."

"ಉಳೀಲಿಲ್ವಲ್ಲ."

"ಹಡಗು ಇದ್ರೆ ಕಿಟಕಿಗೆ ಹಲಗೆ, ಹೋದ್ರೆ ಮನೇನೇ ಇಲ್ಲ. ನಿಮ್ಮ ಬಾಯಿಗೆ ಹುಳ ಬೀಳ!" ಅತ್ತೆ ಕೆಮ್ಮುತ್ತಲೇ ಅಂದಳು. ಸಾಹೇಬನಿಗೆ ಕೇಳಿಸಿತು. ಕೇಳಿಸದವನ ಹಾಗೆ ಗೋಡೆಗಳಿಗೆ ಕೆಂಪು ಬಣ್ಣದಲ್ಲಿ ಒಂದರಿಂದ ಇಪ್ಪತ್ತೆರಡರ ತನಕ ನಂಬರು ಬರೆಸಿ ಹೋದ. ಸೋಪಕ್ಕನ ಬೆಕ್ಕಿನ ಹೊಟ್ಟೆಯ ಮೇಲೆ ಒಂಬತ್ತು.

ತಿಂಗಳ ಕೊನೆಗೆ ಎರಡು ದಿನ ಬಾಕಿ. ಬೆಳಿಗ್ಗೆ ಎಂಟರ ಹೊತ್ತಿಗೆ ಸೋಪಕ್ಕ ಹಿಂಡಿದ ಬಟ್ಟೆ ಬುಟ್ಟಿಗೆ ತುಂಬುತ್ತಿದ್ದಳು. ಸುಣ್ಣದ ಸಾಹೇಬ ಏದುಸಿರು ಬಿಡುತ್ತ ಓಡಿ ಬಂದ. ಅವನ ಹಿಂದೆ, ಸಮುದ್ರದ ಮೇಲೆ, ಆ ಹಡಗು.

"ಎಲ್ಲಿ ನಿನ್ನ ಗಂಡ? ಎಲ್ಲಾರನ್ನೂ ಕರಿ! ಆಚೆ ಬಂದರಿನ ಬಾಯಲ್ಲಿ ಮರಳು ತುಂಬಿದೆಯಂತೆ, ಹಡಗು ಒಳಗೆ ಹೋಗ್ತಾ ಇಲ್ಲ. ಇಲ್ಲಿಗೇ ಬರ್ತಾ ಇದೆ. ಬೇಗ, ಬೇಗ!"

"ಬಿಟ್ಟಿ ಬಂದರಲ್ಲಿ ನೀರೇ ಇಲ್ವಾ?" ಮಂಚದ ಮೇಲಿಂದ ಅತ್ತೆ ಕಿಸಕ್ಕನೆ ನಕ್ಕಳು. "ಆಳಕ್ಕೆ ನಮಗೆ ಒಂಬತ್ತು ಸಾಹೇಬ್ರೆ, ಮರೀಬೇಡಿ."

"ಸೋಪಕ್ಕ, ಆ ಬಟ್ಟೆ ಒಳಗಿಡು ಮೊದಲು!"

ಸೋಪಕ್ಕ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಮನೆಯೊಳಗೆ ಹೋಗದೆ, ದಡದ ಕಡೆಗೆ ನಡೆದಳು.

ಹಗ್ಗದಾಳುಗಳು ಎಂಟೂ ಜನ ಅಲ್ಲಿದ್ದರು. ಗೂಟಗಳ ಪಕ್ಕ, ಪ್ರತಿಸಲ ನಿಲ್ಲುವ ಜಾಗದಲ್ಲೇ ನಿಂತಿದ್ದರು. ಹಡಗು ಮಗ್ಗುಲಾಗಿ ನಿಧಾನಕ್ಕೆ ಬಂತು. ಮೂತಿಯ ಹತ್ತಿರ ನಿಂತಿದ್ದ ನಾವಿಕ ಕೈ ಬೀಸಿ ಸಣ್ಣ ಹಗ್ಗ ಎಸೆದ. ಗಂಟು ಬಂದು ಮೂರ್ಬೆರಳನ ಕಾಲ ಬಳಿ ಧಪ್ಪೆಂದು ಬಿತ್ತು.

ಮೂರ್ಬೆರಳ ಎರಡೂ ಕೈಗಳನ್ನು ಜೇಬಿಗಿಟ್ಟ. ಉಳಿದ ಏಳು ಜನರೂ ಇಟ್ಟರು.

"ಎಳಿಯೋ! ಯಾಕೋ ನಿಂತೆ?" ಸಾಹೇಬ ಕಿರುಚಿದ.

"ಇದು ತೋರಿಸ್ಬಾರ್ದು ಅಂದಿದ್ರಲ್ಲ ಸಾಹೇಬ್ರೆ. ಜೇಬಲ್ಲಿಟ್ಕೊಂಡಿದೀನಿ."

"ಸೂಳೆಮಕ್ಕಳಾ, ಎರಡು ಸಾವಿರ ಜನ ಇದಾರೆ ಮೇಲೆ!"

"ಇಪ್ಪತ್ತೆರಡು ಮನೆ ಇದಾವೆ ಕೆಳಗೆ. ಕೆಡವಲ್ಲ ಅಂತ ಕಾಗದ ತನ್ನಿ. ಮೊಹರು ಹಾಕಿದ್ದು."

"ತರ್ತೀನಿ, ಮಾತು ಕೊಡ್ತೀನಿ..."

"ಹೋದ ವರ್ಷ ಕೊಟ್ಟ ಮಾತೇ ಇನ್ನೂ ಒಣಗಿಲ್ಲ ಸಾಹೇಬ್ರೆ," ಎಂದಳು ಸೋಪಕ್ಕ. "ಕೋಣೆ ಒಳಗೇ ನೇತಾಡ್ತಾ ಇದೆ."

ಸಾಹೇಬ ತಾನೇ ಹಗ್ಗಕ್ಕೆ ಕೈ ಹಾಕಿದ. ಒದ್ದೆ ಹಗ್ಗ, ನುಣ್ಣನೆ ಬೂಟು. ಎರಡು ಮಾರು ಎಳೆದ. ಹಡಗು ಒಂದಿಷ್ಟು ಹಿಂದೆ ಸರಿಯಿತು, ಹಗ್ಗ ಅಂಗೈ ಸುಲಿದುಕೊಂಡು ಜಾರಿತು, ಸಾಹೇಬ ಕುಂಡಿ ಊರಿ ಕೂತ. ಎಂಟು ಜನರಲ್ಲಿ ಯಾರೂ ನಗಲಿಲ್ಲ. ಅವರಿಗೆ ಆ ಉರಿ ಗೊತ್ತು.

ಸೋಪಕ್ಕ ಬುಟ್ಟಿ ಕೆಳಗಿಟ್ಟಳು. ಹಗ್ಗದ ತುದಿ ಎತ್ತಿಕೊಂಡು ಗೂಟಕ್ಕೆ ಎರಡು ಸುತ್ತು ಹಾಕಿ, ಗಂಡ ಕಲಿಸಿದ ಗಂಟು ಬಿಗಿದಳು. ದೊಡ್ಡ ಹಗ್ಗ ಬರಲಿಲ್ಲ, ಅದನ್ನು ಎಳೆದು ತರುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ. ಸಣ್ಣ ಹಗ್ಗ ಗೂಟದಿಂದ ಹಡಗಿನ ಮೂತಿಯ ತನಕ ಓರೆಯಾಗಿ ನಿಂತಿತು. ಅವಳು ಬುಟ್ಟಿಯಿಂದ ಅತ್ತೆಯ ಲಂಗ ತೆಗೆದು, ಒಂದು ಸಲ ಝಾಡಿಸಿ, ಹಗ್ಗದ ಮೇಲೆ ಹಾಕಿದಳು. ಆಮೇಲೆ ಗಂಡನ ಚಡ್ಡಿ, ತೇಪೆ ಹಚ್ಚಿದ ಕಡೆ ಹಡಗಿಗೆ ಕಾಣುವ ಹಾಗೆ.

ಹಿಂದಿನಿಂದ ಪಕ್ಕದ ಮನೆಯವಳು ಬಂದಳು, ಬಕೆಟ್ಟಿನ ಸಮೇತ. ಅವಳ ಹಿಂದೆ ಇನ್ನೊಬ್ಬಳು. ಕೈಗೆಟಕುವ ತನಕ ಹಗ್ಗದ ತುಂಬ ದುಪ್ಪಟಿ, ಟವೆಲು, ಅಡುಗೆಯವರ ಅಂಗಿ, ಒಳಚಡ್ಡಿ. ವರ್ಷವೆಲ್ಲ ಹಡಗಿಗೆ ಕಾಣದ ಹಾಗೆ ಬಚ್ಚಿಟ್ಟ ಬಟ್ಟೆಯಿಂದ ನೀರು ತೊಟ್ಟಿಕ್ಕಿ ದಡದ ಕಲ್ಲು ಒದ್ದೆಯಾಯಿತು. ಏಳನೇ ಅಂತಸ್ತಿನ ಬಾಲ್ಕನಿಗಳಲ್ಲಿ ಜನ ಸೇರಿದರು. ಯಾರೋ ಫೋಟೋ ಹೊಡೆದರು.

"ಕತ್ತರಿಸೋ! ಹಗ್ಗ ಕತ್ತರಿಸೋ!" ಸಾಹೇಬ ಮೇಲಿದ್ದ ನಾವಿಕನಿಗೆ ಕೂಗಿದ, ಕೈಯಲ್ಲೇ ಕತ್ತರಿ ಆಡಿಸಿ ತೋರಿಸಿದ. ನಾವಿಕನ ಸೊಂಟದಲ್ಲಿ ಚಾಕು ಇತ್ತು. ಅವನು ಕೆಳಗಿನ ಬಟ್ಟೆಗಳನ್ನು ಒಂದೊಂದಾಗಿ ನೋಡಿದ, ಆಮೇಲೆ ಕಿವಿಗೆ ಕೈ ಹಚ್ಚಿ ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿ, ಕಂಬಿಗೆ ಮೊಣಕೈ ಊರಿಕೊಂಡು ನಿಂತ.

ಹಡಗು ಕೊಂಬೂದಿತು. ಬಂದರಿನ ಕಚೇರಿಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಸುಣ್ಣದ ಸಾಹೇಬ ಎದ್ದು ಹಿಂದೆ ಅಂಟಿದ್ದ ಕೊಳೆ ಒರೆಸಿಕೊಳ್ಳುತ್ತ ಅತ್ತ ಓಡಿದ. ಕಾಗದ ತರಲೋ ಪೊಲೀಸರನ್ನು ತರಲೋ ಯಾರಿಗೂ ಗೊತ್ತಿರಲಿಲ್ಲ.

"ಸಾಹೇಬ್ರೆ," ಸೋಪಕ್ಕ ಅವನ ಬೆನ್ನಿಗೆ ಕೂಗಿದಳು, "ಮಾರ್ಕಮ್ಮ ಮೇಲಿದ್ರೆ ಕೇಳಿ, ವಾಸನೆಗೆ ಎಷ್ಟು ಅಂತ!"

ಹಡಗು ಎರಡನೇ ಸಲ ಕೊಂಬೂದಿತು. ಒಂಬತ್ತನೇ ನಂಬರಿನ ಮನೆಯ ಮುಂದೆ, ಮಂಚದ ಮೇಲೆ ಕೂತಿದ್ದ ಮುದುಕಿ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಕಣ್ಣಿಗೆ ಹಡಗು ಕಾಣದಿದ್ದರೂ ಕೈ ಎತ್ತಿ ಬೀಸಿದಳು. ಸರಿಯಾಗಿ ನೊಣ ಓಡಿಸುವ ಹಾಗೆ.