ರಬ್ಬರು ಹಂಚಿದ ದಿನ

ಬೆಳಗ್ಗೆ ಎಂಟೂವರೆ. ಉತ್ತರ ಧ್ರುವವೃತ್ತದೊಳಗಿನ ಕಿರೂನಾ ಪಟ್ಟಣದಿಂದ ಪೂರ್ವಕ್ಕೆ ನಲವತ್ತು ಕಿಲೋಮೀಟರ್ ದೂರದ ಉಡಾವಣಾ ಕೇಂದ್ರದಿಂದ ವಿಜ್ಞಾನಿಗಳ ಬಲೂನು ಮೇಲೇರಿ ಅರ್ಧ ಗಂಟೆಯಾಗಿತ್ತು. ಅದು ಇನ್ನೂ ಪೂರ್ವಕ್ಕೆ, ಫಿನ್‌ಲೆಂಡಿನ ಕಡೆ ಹೊರಟಿತ್ತು.

ಕಿರೂನಾದ ಶಾಲೆಯಲ್ಲಿ, ಎಂಟನೇ ತರಗತಿಯ ಪರದೆಯ ಮೇಲೆ ಬಲೂನನ್ನು ತೋರಿಸುವ ಕೆಂಪು ಚುಕ್ಕೆ ಪೂರ್ವಕ್ಕೆ ಸರಿದಂತೆಲ್ಲ ಯೋವ್ನಾ ತನ್ನ ಉತ್ತರದ ಹಾಳೆಯತ್ತ ನೋಡುತ್ತಿದ್ದ. ಬಲೂನು ಪಶ್ಚಿಮಕ್ಕೆ, ಗ್ರೀನ್‌ಲ್ಯಾಂಡಿನ ಕಡೆ ಹೋಗುತ್ತದೆ ಎಂದು ಅವನು ಬರೆದಿದ್ದ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಇದ್ದದ್ದು ಅದೊಂದೇ ಪ್ರಶ್ನೆ: ಬಲೂನು ಎತ್ತ ಹೋಗುತ್ತದೆ? ಫೇಲಾದರೆ ಜೂನ್ ಮುಗಿಯುವವರೆಗೆ ಬೇಸಿಗೆ ಶಾಲೆ. ಯಾರದೆಂದು ತಿಳಿಯಲು ಹಿಮಸಾರಂಗದ ಮರಿಗಳ ಕಿವಿಗೆ ಗುರುತು ಕೊಯ್ಯುವ ಕೆಲಸ ತಪ್ಪಿಹೋಗುತ್ತದೆ. ಈ ಸಲ, ಮೊದಲ ಬಾರಿಗೆ, ಅವನಿಗೂ ಸ್ವಂತದ ಗುರುತು ಸಿಕ್ಕಿತ್ತು.

"ಏನೋ, ನಿನ್ನ ಬಲೂನು ದಾರಿ ತಪ್ತಾ? ಹೋಗಿ ಅಟ್ಟಿಸ್ಕೊಂಡು ಬಾ, ಸಾರಂಗ ಕಾಯೋನಲ್ವಾ ನೀನು!" ಹಿಂದಿನ ಬೆಂಚಿನ ತಿಂದ್ರಾ ಕೆಣಕಿದಳು.

ಮಕ್ಕಳೆಲ್ಲ ಹೆಸರಿನಿಂದಲೇ ಕರೆಯುವ ಟೀಚರ್ ಗುನ್ವೋರ್ ನಿಟ್ಟುಸಿರಿಟ್ಟಳು. "ಒಂಬತ್ತರವರೆಗೆ ಉತ್ತರ ತಿದ್ದಬಹುದು. ರಬ್ಬರು ಬೇಕಾ?" ಮೇಜಿನ ಖಾನೆಯಿಂದ ಒಂದು ಡಬ್ಬ ರಬ್ಬರು ಹೊರಬಂತು.

ಪಶ್ಚಿಮ ಎಂದು ಬರೆದವರೆಲ್ಲ ಉಜ್ಜತೊಡಗಿದರು. ಯೋವ್ನಾನೂ ಅರ್ಧ ಪದ ಅಳಿಸಿದ. ಆಮೇಲೆ ಕೈ ನಿಂತಿತು. ಮೂರು ವರ್ಷದಲ್ಲಿ ಗುನ್ವೋರ್ ಯಾರಿಗೂ ಪೆನ್ಸಿಲ್ ತುಂಡನ್ನೂ ಕೊಟ್ಟವಳಲ್ಲ. ಈಗ ಡಬ್ಬಗಟ್ಟಲೆ ರಬ್ಬರು?

ಅವನಿಗೆ ಸಾರಂಗ ಕಾಯುವಾಗ ಬೆಟ್ಟದ ಬುಡದಲ್ಲಿ ಹಾಕುತ್ತಿದ್ದ ಗುಡಾರ ನೆನಪಾಯಿತು: ಹೊಗೆ ಒಂದು ಕಡೆಗೆ, ಶಿಖರದ ಮೇಲಿನ ಮೋಡ ಇನ್ನೊಂದು ಕಡೆಗೆ. 'ಮೊದಲು ಫಿನ್‌ಲೆಂಡ್ ಕಡೆ, ಆಮೇಲೆ ತಿರುಗಿ ಗ್ರೀನ್‌ಲ್ಯಾಂಡ್' ಎಂದು ಬರೆದ.

ಗುನ್ವೋರ್ ಬಗ್ಗಿ ನೋಡಿದಳು. "ಯಾಕೋ?"

"ಕೆಳಗಿನ ಗಾಳಿ ಅದರ ಪಾಡಿಗೆ ಬೀಸುತ್ತೆ. ಇಪ್ಪತ್ತು ಕಿಲೋಮೀಟರ್ ದಾಟಿದ್ರೆ ಬೇರೆ ಕಥೆ. ಈಗ ಧ್ರುವದಲ್ಲಿ ಸೂರ್ಯ ಮುಳುಗಲ್ಲ, ಅಲ್ಲಿ ಮೇಲಿನ ಗಾಳಿ ಬೆಚ್ಚಗಾಗಿರುತ್ತೆ. ಅದಕ್ಕೇ ಬೇಸಿಗೇಲಿ ಪೂರ್ವದಿಂದ ಪಶ್ಚಿಮಕ್ಕೆ. ಚಳಿಗಾಲದಲ್ಲಿ ಉಲ್ಟಾ." ದನಿ ತಗ್ಗಿಸಿದ. "ಆದ್ರೂ ಗುನ್ವೋರ್, ರಬ್ಬರು ಸ್ವಲ್ಪ ಜಾಸ್ತಿಯಾಯ್ತು."

"ಬಾಯ್ಮುಚ್ಕೊಂಡು ಕೂತ್ಕೋ, ಕಳ್ಳ."

ಒಂಬತ್ತಕ್ಕೆ ಹಾಳೆಗಳನ್ನು ಕಸಿದುಕೊಂಡಳು. ಒಂಬತ್ತು ಇಪ್ಪತ್ತಕ್ಕೆ ಚುಕ್ಕೆ ನಿಂತಿತು.

"ಕೆಟ್ಟೋಯ್ತಾ?" ಎಂದಳು ತಿಂದ್ರಾ.

ಹತ್ತು ನಿಮಿಷದಲ್ಲಿ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು.

"ಇದು ಮೋಸ!" ತಿಂದ್ರಾ ಕೂಗಿದಳು.

"ಎರಡು ವಾರ ಇದನ್ನೇ ಪಾಠ ಮಾಡಿದ್ನಲ್ಲೇ! ನಿಮ್ಮ ಹಾಗೆ ಪಾಠ ಅಳಿಸ್ಕೊಳ್ಳೋಕೆ ಬಲೂನಿನ ಕೈಲಿ ರಬ್ಬರು ಇರಲಿಲ್ಲ, ಅಷ್ಟೆ," ಎಂದಳು ಗುನ್ವೋರ್, ಡಬ್ಬ ಒಳಗಿಡುತ್ತ.

ಹನ್ನೆರಡು ನಲವತ್ತಕ್ಕೆ ಬಲೂನು ಬಿಳಿ ಚುಕ್ಕೆಯಾಗಿ ಶಾಲೆಯ ಮೇಲೆ ಹಾದುಹೋಯಿತು. ಐದನೇ ದಿನ ಕೆನಡಾದಲ್ಲಿ ಇಳಿಯಿತು. ಜೂನ್ ಕೊನೆಯ ವಾರ ಯೋವ್ನಾ ಏಳು ಮರಿಗಳ ಕಿವಿಗೆ ತನ್ನ ಗುರುತು ಹಾಕಿದ.