ಎರಡು ಬಿಳಿ ಕಲ್ಲು

ಸಲ್ವಾರಿನ ಬಲಗಾಲಿನ ಅಂಚಿಗೆ ಹತ್ತಿದ ಗ್ರೀಸು ಈ ಸಲವೂ ಹೋಗಲಿಲ್ಲ. ಸೀಮೆಎಣ್ಣೆ ಹಚ್ಚಿ ಉಜ್ಜಿದೆ, ಸೋಪು ಹಚ್ಚಿ ಕಲ್ಲಿಗೆ ತಿಕ್ಕಿದೆ. ಕಪ್ಪು ಬೂದುಬಣ್ಣಕ್ಕೆ ತಿರುಗಿತೇ ಹೊರತು ಅಲ್ಲಿಂದ ಏಳಲಿಲ್ಲ. ಅವ್ವ ನೋಡಿದರೆ ಏನು ಹೇಳಲಿ ಎಂಬುದೇ ಆ ದಿನಗಳಲ್ಲಿ ನನ್ನ ಚಿಂತೆ. ಅಣ್ಣನ ಅಂಗಡಿ ಗುಡಿಸುವಾಗ ಹತ್ತಿತು ಅನ್ನಬಹುದಿತ್ತು. ಆದರೆ ಗುಡಿಸುವವಳ ಬಲಗಾಲಿಗಷ್ಟೇ, ಅದೂ ಚೈನಿನ ಹಲ್ಲು ಮೂಡಿದ ಹಾಗೆ, ಯಾಕೆ ಹತ್ತುತ್ತದೆ? ಅವ್ವ ಕೇಳಲಿಲ್ಲ. ಅವಳು ಕೇಳದೇ ಇದ್ದದ್ದಕ್ಕೂ ಹೆದರಿಕೊಂಡೆ.

ಕುರುಗೋಡಿನಲ್ಲಿ ನಮ್ಮ ಮನೆ ಗುಡ್ಡದ ಬದಿಗಿದೆ. ಮುಂದಿನ ಕೋಣೆಯೇ ಅಣ್ಣ ಮುಸ್ತಾಕನ ಸೈಕಲ್ ಅಂಗಡಿ. ಹಿಂದಿನ ಪಡಸಾಲೆಯಲ್ಲಿ ಅಪ್ಪ ಶಾಬುದ್ದೀನ್ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಬಳ್ಳಾರಿಯಲ್ಲಿ ಬಿ.ಎ. ಮುಗಿಸಿ ಬಂದ ನಾನು ಬೆಳಿಗ್ಗೆ ಅಣ್ಣನ ಅಂಗಡಿ ಬಾಗಿಲು ತೆಗೆದು ಗುಡಿಸಬೇಕು, ಮಧ್ಯಾಹ್ನ ಅಪ್ಪನ ಗಾದಿಗೆ ದಾರ ಹಾಕಬೇಕು. ಉಳಿದ ಹೊತ್ತು ಡೈರಿ ಬರೆಯುವುದು. ಯಾರಾದರೂ ಮನೆಗೆ ಬಂದರೆ ನೀರು ಕೊಟ್ಟು ಒಳಗೆ ಹೋಗಿಬಿಡುತ್ತಿದ್ದೆ.

"ನಮ್ಮ ಆಫ್ರೀನ್‌ಗ ಬಾಯಿ ಐತೋ ಇಲ್ಲೋ ಅಂತ ಒಮ್ಮಿ ಡಾಕ್ಟರಿಗೆ ತೋರಸಬೇಕು" ಎಂದು ಅಣ್ಣ ಬಂದವರ ಮುಂದೆ ನಗುತ್ತಿದ್ದ.

ಅದಿರಿನ ಲಾರಿಗಳು ಹಗಲು ರಾತ್ರಿ ಅನ್ನದೆ ಓಡುತ್ತಿದ್ದ ವರ್ಷಗಳವು. ಬಳ್ಳಾರಿ ಬಸ್ಸಿನಲ್ಲಿ ಕೂತು ಬಂದರೆ ದುಪಟ್ಟಾ ಕೆಂಪಾಗುತ್ತಿತ್ತು. ಆ ಲಾರಿಗಳಿಂದಲೇ ಮೇಲೆ ಬಂದವರು ಚನ್ನಬಸವರಾಜ ಸಾವ್ಕಾರರು. ಅವರ ಮಗಳು ಶಾಂಭವಿ ಗುಡ್ಡದ ಹಾದಿಯಲ್ಲಿ ಓಡಿಸುವ ಗೇರ್ ಸೈಕಲ್ ಬೇಕು ಎಂದಳು. ಅವರು ಒಂದು ಕೇಳಿದವಳಿಗೆ ಲಾರಿ ತುಂಬ ತರಿಸಿದರು. ನಮ್ಮ ಗುಡ್ಡದ ಹಿಂದಿನ ಸರ್ಕಾರಿ ಕಾಡಿನಲ್ಲಿ, ಬೇವು ಕಮರದ ಮರಗಳ ನಡುವೆ, ಸೈಕಲ್ ಹಾದಿ ಮಾಡಿ ಪಂದ್ಯ ನಡೆಸಲು ಒಪ್ಪಿಗೆಯನ್ನೂ ತಂದರು. ಹಾದಿ ಬಿಡಿಸುವ ಕೆಲಸ ಅಣ್ಣನಿಗೆ ಬಂತು, ಸೈಕಲ್ಲುಗಳು ನಮ್ಮ ಅಂಗಡಿಗೆ ಬಂದವು. ಹಾದಿಯ ಎರಡೂ ಬದಿಗೆ ಅಲ್ಲಲ್ಲಿ ಸುಣ್ಣ ಬಳಿದ ಕಲ್ಲು ಜೋಡಿಸಿದ. ಸವಾರರಿಗೆ ಅವನು ಹೇಳಿಕೊಟ್ಟದ್ದು ಒಂದೇ ಮಾತು: ಎರಡು ಬಿಳಿ ಕಲ್ಲು ಕಂಡರೆ ಅವುಗಳ ನಡುವೆ ನುಗ್ಗಬೇಕು, ಬೇರೆ ಯೋಚನೆ ಬೇಡ. ಪಂದ್ಯ ಚಂದ ಆದರೆ ಬಳ್ಳಾರಿಯಲ್ಲಿ ಅವನಿಗೊಂದು ದೊಡ್ಡ ಅಂಗಡಿ ಹಾಕಿಕೊಡುವುದಾಗಿ ಸಾವ್ಕಾರರು ಹೇಳಿದ್ದರು. ಅಣ್ಣ ಆಗಲೇ ಬೋರ್ಡಿಗೆ ಯಾವ ಬಣ್ಣ ಎಂದು ನನ್ನನ್ನು ಕೇಳುತ್ತಿದ್ದ.

ಅಂಗಡಿ ಗುಡಿಸಲು ಎದ್ದವಳು ಒಂದು ಬೆಳಿಗ್ಗೆ ಒಂದು ಸೈಕಲ್ಲನ್ನು ಹೊರಗೆ ತಳ್ಳಿಕೊಂಡು ಹೋದೆ. ಹೈಸ್ಕೂಲಿನ ತನಕ ಹೊಡೆಯುತ್ತಿದ್ದೆ, ಆಮೇಲೆ ಬಿಟ್ಟೆ. ಬೇಡ ಅಂತ ಯಾರೂ ಅಂದಿರಲಿಲ್ಲ, ನಾನೂ ಕೇಳಿರಲಿಲ್ಲ. ದುಪಟ್ಟಾ ತಲೆಗೆ ಬಿಗಿದು ಗುಡ್ಡದ ನೆತ್ತಿಯ ತನಕ ತಳ್ಳಿ, ಅಲ್ಲಿಂದ ಕೆಳಗೆ ಬಿಟ್ಟುಕೊಂಡೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದೋ ಬಿಡುವುದೋ ಅಷ್ಟೇ ಇರುತ್ತದೆ, ಯಾರಿಗೂ ಉತ್ತರ ಕೊಡಬೇಕಿಲ್ಲ. ಅದರ ಮಾರನೆಯ ದಿನವೂ ಹೋದೆ. ಊರು ಏಳುವ ಮೊದಲು ಸೈಕಲ್ ಒರೆಸಿ ಇಟ್ಟುಬಿಡುತ್ತಿದ್ದೆ. ನನ್ನ ಸಲ್ವಾರು ಒರೆಸಲು ಮಾತ್ರ ಆಗುತ್ತಿರಲಿಲ್ಲ.

ಮೊದಲ ಇಳಿಜಾರಿನ ಬುಡದಲ್ಲಿ ಹಾದಿ ದೊಡ್ಡ ಬೇವಿನ ಮರವನ್ನು ಬಳಸಿ ಎಡಕ್ಕೆ ಹೊರಳುತ್ತದೆ. ಹೊರಳದೆ ನೆಟ್ಟಗೆ ಹೋದರೆ ಗುಂಡಿ. ಅದಿರು ಸಿಗುತ್ತದೇನೋ ಎಂದು ಯಂತ್ರ ತಂದು ತೋಡಿಸಿ, ಬರೀ ಮಣ್ಣು ಬಂದಾಗ ಹಾಗೇ ಬಿಟ್ಟುಹೋದದ್ದು, ಎರಡಾಳು ಆಳ. ತೋಡಿಸಿದವರು ಯಾರೆಂದು ಊರಿಗೆಲ್ಲ ಗೊತ್ತಿದ್ದರೂ ಹೆಸರನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ. ಕುರಿಯೊಂದು ಬಿದ್ದು ಸತ್ತ ಮೇಲೆ ಕುರಿ ಕಾಯುವವರು ಸುತ್ತ ಕಲ್ಲಿಟ್ಟು, ಹಾಳು ಬಾವಿಗೆ ಮಾಡುವಂತೆ ಸುಣ್ಣ ಬಳಿದಿದ್ದರು. ಅಷ್ಟೂ ಕಲ್ಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ನನಗೆ ಯಾವತ್ತೂ ಭಯವಾಗಿರಲಿಲ್ಲ.

ಪಂದ್ಯದ ಬೆಳಿಗ್ಗೆ ಅಪ್ಪನ ಜೊತೆ ನಾನೂ ಗುಡ್ಡಕ್ಕೆ ಹೋದೆ. ತಿರುವುಗಳಲ್ಲಿ ಸವಾರರು ಮರಕ್ಕೆ ಗುದ್ದಿಕೊಳ್ಳಬಾರದೆಂದು ಮರಗಳಿಗೆ ಹಳೆಯ ಗಾದಿ ಕಟ್ಟಬೇಕಿತ್ತು. ಅದು ಅಪ್ಪನದೇ ಉಪಾಯ. ಗಾದಿ ಹರಿದಲ್ಲಿ ಹೊಲಿಯಲು ನಾನು ಸೂಜಿ ದಾರ ಹಿಡಿದಿದ್ದೆ. ಬೇವಿನ ಮರದ ಹತ್ತಿರ ಬಂದಾಗ ಗುಂಡಿ ಕಾಣಲಿಲ್ಲ. ಅದರ ಮೇಲೆ ತಂಗಡಿ ಗಿಡದ ಟೊಂಗೆ ಹಾಸಿ ಹುಲ್ಲು ಚೆಲ್ಲಿದ್ದರು. ಸುತ್ತಲಿನ ಕಲ್ಲುಗಳೂ ಇರಲಿಲ್ಲ. ಅರಣ್ಯ ಇಲಾಖೆಯ ಸಾಹೇಬರು ಅತಿಥಿಯಾಗಿ ಬರುತ್ತಾರೆ, ಅವರ ಕಣ್ಣಿಗೆ ಅಗೆತ ಬೀಳಬಾರದು ಎಂದು ಸಾವ್ಕಾರರು ಹೇಳಿದ್ದರಂತೆ. ಹಿಂದಿನ ದಿನ ಅಣ್ಣನೇ ಮುಚ್ಚಿಸಿದ್ದ. ಬುಡ ಹೂತ ಎರಡು ಕಲ್ಲು ಮಾತ್ರ ಅಲುಗದೆ ಉಳಿದಿದ್ದವು.

ಅಪ್ಪ ಬೇವಿನ ಮರಕ್ಕೆ ಪಟ್ಟೆ ಪಟ್ಟೆಯ ಜೋಡಿ ಗಾದಿ ಸುತ್ತಿ ಹಗ್ಗ ಬಿಗಿದ. "ಮಂದಿ ಮಲಗಲಿ ಅಂತ ಹೊಲಿದಿದ್ದೆ, ಈಗ ಮರಕ್ಕ ಹಾಸೋ ಕಾಲ ಬಂತು ನೋಡವ್ವ" ಎಂದು ನಕ್ಕ. ನಾನೂ ನಕ್ಕೆ. ಕೆಳಗೆ ನಿಂತು ನೋಡಿದಾಗ ಎಲ್ಲವೂ ಸರಿಯಾಗಿಯೇ ಕಂಡಿತ್ತು.

ಅಣ್ಣನಿಗೆ ನೀರು ಕೊಡಲು ನೆತ್ತಿಗೆ ಹತ್ತಿದೆ. ಬಳ್ಳಾರಿ, ಸಿರುಗುಪ್ಪದ ಕಡೆಯ ಹುಡುಗರು ಟೋಪಿ ಬಿಗಿದುಕೊಳ್ಳುತ್ತಿದ್ದರು. ಮೊದಲು ಇಳಿಯುವವಳು ಶಾಂಭವಿ. ಊರ ರಸ್ತೆಯಲ್ಲಿ ಓಡಿಸಿ ರೂಢಿಯಿದ್ದರೂ ಈ ಇಳಿಜಾರು ಅವಳಿಗೂ ಹೊಸದು. ಅವಳು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ನೀರು ಕುಡಿದು, ನನ್ನ ಕಾಲು ನೋಡಿದಳು. ಆಮೇಲೆ ತನ್ನ ಪ್ಯಾಂಟಿನ ಬಲಗಾಲನ್ನು ಮುಂದೆ ಚಾಚಿದಳು. ಅಲ್ಲೂ ಅದೇ ಹಲ್ಲಿನ ಗುರುತು.

"ಇದು ಏನ್ ಮಾಡಿದ್ರೂ ಹೋಗಂಗಿಲ್ಲ. ನಿಂಗ್ಯಾಂಗ ಹತ್ತಿತು?"

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವಳ ಮುಖ ನೋಡಲಾಗದೆ ಇಳಿಜಾರಿನ ಕಡೆ ತಿರುಗಿದೆ. ಆಗ ಕಂಡಿತು. ಗಾದಿ ಸುತ್ತಿದ ಮರ ಮೂರರಷ್ಟು ದಪ್ಪವಾಗಿ, ಎಡಕ್ಕೆ ಹೊರಳುವ ಹಾದಿಯ ಬಿಳಿ ಕಲ್ಲುಗಳನ್ನು ಪೂರಾ ಮುಚ್ಚಿತ್ತು. ನೆಟ್ಟಗೆ ಎದುರಿಗೆ, ಬಿಸಿಲಿಗೆ ಹೊಳೆಯುತ್ತ, ಎರಡೇ ಎರಡು ಬಿಳಿ ಕಲ್ಲು ನಿಂತಿದ್ದವು. ಅವುಗಳ ನಡುವೆ ಹಸಿರು ಹುಲ್ಲು. ಅಷ್ಟು ಚಂದದ ಹಾದಿ ಇಡೀ ಗುಡ್ಡದಲ್ಲಿ ಮತ್ತೊಂದಿರಲಿಲ್ಲ.

ಅಣ್ಣನ ತೋಳು ಹಿಡಿದು ಬದಿಗೆ ಕರೆದೆ. ಗಾದಿ ಬಿಚ್ಚಿಸು, ಇಲ್ಲ ಆ ಕಲ್ಲಿನ ಮೇಲೆ ಏನಾದರೂ ಮುಚ್ಚು ಎಂದು ಪಿಸುಗುಟ್ಟಿದೆ. ಅವನು ಸುತ್ತ ನೋಡಿ ದನಿ ಇಳಿಸಿದ. ಈಗ ಅಲ್ಲಿ ಮಂದಿ ಹೋದರೆ ಸಾಹೇಬರೂ ಹೋಗುತ್ತಾರೆ, ಗುಂಡಿ ಕಾಣುತ್ತದೆ, ಯಾರು ತೋಡಿದ್ದು ಅಂತಾರೆ, ಆಮೇಲೆ ಬಳ್ಳಾರಿ ಅಂಗಡಿ ಮಾತು ಅಲ್ಲಿಗೇ ಮುಗಿಯಿತು ಎಂದ. ಹಾದಿಯನ್ನು ತಾನು ಬುಡದಿಂದ ನೆತ್ತಿಯ ತನಕ ನಡೆದು ನೋಡಿದ್ದೇನೆ, ಸವಾರರು ಮರದ ಹತ್ತಿರ ಹೊರಳೇ ಹೊರಳುತ್ತಾರೆ ಎಂದ.

"ನೀ ಕೆಳಗಿಂದ ನಡಕೊಂತ ಬಂದಿ. ಮ್ಯಾಲಿಂದ ಜೋರಾಗಿ ಬರೋವಾಗ ಬ್ಯಾರೆ ಕಾಣ್ತೈತಿ."

"ಅದು ನಿನಗ ಹ್ಯಾಂಗ ಗೊತ್ತಲೇ?"

ಅವನು ನನ್ನನ್ನು ದಿಟ್ಟಿಸಿದ. ಸಿಟ್ಟಿಗಿಂತ ಬೇಡಿಕೆಯೇ ಹೆಚ್ಚಿತ್ತು ಆ ನೋಟದಲ್ಲಿ. ಚಿಕ್ಕಂದಿನಲ್ಲಿ ನನಗೆ ಸೈಕಲ್ ಕಲಿಸಿದವನು ಅವನೇ, ಸೀಟು ಹಿಡಿದು ಹಿಂದೆ ಓಡಿದವನು. ಅವನ ಅಂಗಡಿಯ ಬೋರ್ಡಿಗೆ ನೀಲಿ ಬಣ್ಣ ಇರಲಿ ಎಂದಿದ್ದವಳು ನಾನು.

ಸಾವ್ಕಾರರು ಬಿಳಿ ಅಂಗಿಯ ತೋಳು ಮಡಚುತ್ತ ಬಾವುಟ ಹಿಡಿದು ಬಂದರು. ಅವರ ಹಿಂದೆ ಸಾಹೇಬರು.

"ಎಲ್ಲಾ ಬರೋಬ್ಬರಿ ಐತಿಲ್ಲೋ ಮುಸ್ತಾಕ್? ನನ್ನ ಮಗಳು ಇಳಿಯಾಕತ್ತಾಳ ಮತ್ತ."

"ಬರೋಬ್ಬರಿ ಐತ್ರಿ ಸಾವ್ಕಾರ್ರ" ಎಂದ ಅಣ್ಣ, ನನ್ನ ಕಡೆ ನೋಡದೆ.

ಶಾಂಭವಿ ಪೆಡಲಿನ ಮೇಲೆ ಕಾಲಿಟ್ಟಳು. ಅವಳ ಕಣ್ಣು ಎಲ್ಲಿ ನೆಟ್ಟಿದೆ ಎಂದು ನನಗೆ ಗೊತ್ತಿತ್ತು. ಬಾವುಟ ಮೇಲಕ್ಕೆ ಹೋಯಿತು. ಕೆಳಗೆ ಮರದ ಹತ್ತಿರ ನಿಂತ ಅಪ್ಪ, ಬಿಸಿಲಿಗೆ ಹಣೆಯ ಮೇಲೆ ಕೈ ಇಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದ.

ನಾನು ಹೋಗಿ ಸೈಕಲ್ಲಿನ ಮುಂದೆ ನಿಂತೆ. ಎರಡೂ ಕೈಯಿಂದ ಹ್ಯಾಂಡಲ್ ಹಿಡಿದೆ. ಯಾರೋ ಬದಿಗೆ ಸರಿ ಎಂದರು. ಅಣ್ಣ ನನ್ನ ಹೆಸರು ಹಿಡಿದು ಕರೆದ. ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಬಂತು.

"ನಾ ದಿನಾ ಇಲ್ಲಿ ಸೈಕಲ್ ಹೊಡಿತೀನ್ರಿ ಅಕ್ಕಾರ. ಆ ಎರಡು ಕಲ್ಲಿನ ನಡುವ ದಾರಿ ಇಲ್ಲ, ಗುಂಡಿ ಐತಿ."