ಬಾವಿಗಿಂತ ಮೇಲೆ

"ಕುಂಕುಮ ಇನ್ನೂ ಸ್ವಲ್ಪ ದೊಡ್ಡದಿರಲಿ" ಎನ್ನುತ್ತ ರತ್ನಾಕರ ಹೆಂಡತಿಯ ಹಣೆಗೆ ಮತ್ತೆ ಬೆರಳೊತ್ತಿದರು. ಮಲಯ್ ನಾಡಿನ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು ಇಂದು ಹೆಂಡತಿಯ ಸೆರಗನ್ನೂ ತಾವೇ ಸರಿಪಡಿಸಿದರು.

ಸುಗಂಧಿ ಭೂವಿಜ್ಞಾನಿ. ಕಡಲಾಚೆಯ ಸಬಾದ ಕಿನಾಬಾಲು ಬೆಟ್ಟದ ಹೊಳೆಗಳ ಬೆನ್ನು ಹತ್ತಿ ಅರ್ಧ ಆಯುಷ್ಯ ಕಳೆದವಳು. ಮೊನ್ನೆ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಎದೆನೋವೆಂದಳು, ಅಷ್ಟೇ.

ಚಿತಾಗಾರದ ಬಾಗಿಲು ಮುಚ್ಚಿದ ಮೇಲೆ ಎಲ್ಲರೂ ಹೊರಗಿನ ಬೆಂಚುಗಳಲ್ಲಿ ಕುಳಿತರು.

"ಬೂದಿಯನ್ನು ಆ ಬೆಟ್ಟದ ಹೊಳೆಗೇ ಬಿಡುವ. ಅವಳಿಗೆ ಅಲ್ಲೇ ಜೀವ" ಎಂದರು ರತ್ನಾಕರ.

"ಯೆಸ್ ಅಪ್ಪ. ಅಮ್ಮ ವುಡ್ ಲವ್ ದಟ್" ಎಂದಳು ಮಗಳು ಧೃತಿ.

ರತ್ನಾಕರ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದಾಗ, ಬೆಟ್ಟದ ತಪ್ಪಲಿನಿಂದ ಬೆಳಗಿನ ವಿಮಾನದಲ್ಲಿ ಬಂದಿದ್ದ ಜೆಲಿನಾ ತಲೆ ತಗ್ಗಿಸಿದಳು.

*

ಕೆಲವು ವರ್ಷಗಳ ಹಿಂದೆ ಭೂಕಂಪದಲ್ಲಿ ಬೆಟ್ಟ ಜರಿದು ಜೆಲಿನಾಳ ಊರಿನ ಹೊಳೆ ವರ್ಷವಿಡೀ ಕೆಸರಾಗಿತ್ತು. ಸುಗಂಧಿ ತೋರಿಸಿದ ಕಡೆ ಬಾವಿ ಕೊರೆದರು; ಬರೀ ದೂಳು ಬಂತು.

"ತಪ್ಪು ನನ್ನದು" ಎಂದಳು ಆಕೆ, ಇಡೀ ಊರಿನ ಎದುರು.

ಮತ್ತೆ ದಂಡೆಯುದ್ದಕ್ಕೂ ನಡೆದು, ಒಂದು ಜಲ್ಲಿದಿಬ್ಬದ ಮೇಲೆ ನಿಂತಳು. "ಸಾವಿರಾರು ವರ್ಷಗಳ ಹಿಂದೆ ಬೆಟ್ಟದ ನೆತ್ತಿಯಲ್ಲಿ ಹಿಮನದಿ ಹರಿಯುತ್ತಿತ್ತು. ಹಿಮ ಹೋಯಿತು. ಅದು ಕೆರೆದ ಕಲ್ಲುಗಳನ್ನು ಹೊಳೆ ಇಲ್ಲಿ ತಂದು ಸುರಿದಿದೆ. ಮಳೆಯ ನೀರು, ಹೊಳೆಯ ನೀರು ಎಲ್ಲ ಈ ಜಲ್ಲಿಯೊಳಗೆ ಸೋಸಿ ನಿಂತಿರುತ್ತದೆ."

ಈ ಸಲ ಬಂದ ನೀರಿಗೆ ಮೊದಲು ಬೊಗಸೆಯೊಡ್ಡಿದವಳು ಜೆಲಿನಾ.

*

"ಡಾಕ್ಟರ್, ಕ್ಷಮಿಸಿ" ಎಂದು ಜೆಲಿನಾ ಮಲಯ್ ಭಾಷೆಯಲ್ಲಿ ಶುರುಮಾಡಿದಳು. "ಬೂದಿ ನಮ್ಮ ಹೊಳೆಗೆ ಬೇಡ. ಬಾವಿಗಿಂತ ಮೇಲೆ ಹೊಳೆಗೆ ಏನೂ ಬೀಳಕೂಡದು ಅಂತ ಸುಗಂಧಿಯವರೇ ನಿಯಮ ಮಾಡಿದ್ದು. ಕೆಳಗಿನ ಊರುಗಳಿಗೂ ಬಾವಿಗಳಿವೆ. ಅದನ್ನು ಕಾಯುವವಳು ನಾನು."

ರತ್ನಾಕರರ ಸಹೋದ್ಯೋಗಿ ರಮಾನಂದ ಗೊಣಗಿದರು: "ಒಂದು ಹಿಡಿ ಬೂದಿಯಿಂದ ಎಂತ ಆಗ್ತದೆ ಮಾರಾಯ್ರೆ?"

"ಆ ನೀರು ಕೊಟ್ಟಿದ್ದೇ ಅಮ್ಮ! ಹೌ ಕ್ಯಾನ್ ಶೀ ಸೇ ನೋ?" ಧೃತಿಯ ದನಿ ಒಡೆಯಿತು.

ಜೆಲಿನಾಳ ಕಣ್ಣು ತುಂಬಿತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ರತ್ನಾಕರ ಒಮ್ಮೆಲೇ ನಕ್ಕುಬಿಟ್ಟರು. ಮೂರು ದಿನಗಳಲ್ಲಿ ಮೊದಲ ಸಲ. "ಅಲ್ಲಿ ನಾನು ಸೋಪು ಹಿಡಿದು ಹೊಳೆಗಿಳಿದಾಗ ಊರಿಗೆಲ್ಲ ಕೇಳುವ ಹಾಗೆ ಬೈದಿದ್ದಳು ನಿನ್ನಮ್ಮ, ಮಗಾ. ಗಂಡನನ್ನೇ ಬಿಡದವಳು ಬೂದಿಯನ್ನು ಬಿಡ್ತಾಳಾ?" ಮತ್ತೆ ಜೆಲಿನಾಳತ್ತ ತಿರುಗಿ, "ನೀನು ಹೇಳಿದ್ದೇ ಸರಿ. ಸಮುದ್ರಕ್ಕೆ ಬಿಡೋಣ. ನೀನೂ ಬಾ" ಎಂದರು.

*

ಮರುದಿನ ಬೆಳಿಗ್ಗೆ ಅಳಿವೆಯ ಕಂದು ನೀರಿನಲ್ಲಿ ದೋಣಿಯವನು ಎಂಜಿನ್ ನಿಲ್ಲಿಸಿದ. ಎಲ್ಲರೂ ಬಿಡುವುದು ಇಲ್ಲೇ ಎಂದ.

ಮಡಿಲಲ್ಲಿ ಬೂದಿಯ ಕುಡಿಕೆ ಹಿಡಿದಿದ್ದ ಧೃತಿ ಎದ್ದು ಸುತ್ತ ನೋಡಿದಳು. ಸ್ವಲ್ಪ ದೂರದಲ್ಲಿ ಇಬ್ಬರು ಮೀನುಗಾರರು ಬಲೆ ಎಳೆಯುತ್ತಿದ್ದರು.

"ಇಲ್ಲಿ ಬೇಡ, ಇನ್ನೂ ಮುಂದೆ ಹೋಗಿ" ಎಂದಳು.

ಜೆಲಿನಾ ಪಕ್ಕಕ್ಕೆ ಬಂದು ಕುಡಿಕೆಗೆ ತನ್ನ ಕೈಯನ್ನೂ ಆನಿಸಿದಳು. ದೋಣಿ ಬಲೆಯ ಬಿಳಿ ಬೆಂಡುಗಳನ್ನು ಬಳಸಿ, ಕಂದು ನೀರು ದಾಟಿ, ತೆರೆದ ಸಮುದ್ರದ ಕಡೆ ಹೊರಟಿತು.